ಪಂಜುರ್ಲಿಗೆ ಕೋಲ, ಹಂದಿಗೆ ಉರುಳು

ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಆನೆ ಬರುವ ಹಾಗಿಲ್ಲ. ಅರಸನೊಬ್ಬ ಲಿಂಗವನ್ನು ಆನೆಯಿಂದ ಎಳೆಸಿದನಂತೆ. ಲಿಂಗ ಕದಲಲಿಲ್ಲ, ಆನೆಯೇ ಚೂರಾಗಿ ದಿಕ್ಕುದಿಕ್ಕಿಗೆ ಹಾರಿತಂತೆ. ಕೊಂಬು ಬಿದ್ದ ಜಾಗ ಕೊಂಬೆಟ್ಟು, ತಲೆ ಬಿದ್ದ ಜಾಗ ತಾಳೆಪ್ಪಾಡಿ ಎಂದು ಸ್ಥಳಪುರಾಣ ಹೇಳುತ್ತದೆ. ಪುತ್ತೂರಿನದ್ದೇ ದರ್ಬೆ ಪೇಟೆಯಲ್ಲಿ ಬೆಳೆಯುವ ಮಗುವಿಗೆ ಆನೆ ಎಂದರೆ ಈ ಕಥೆ, ಮತ್ತೆ ಮೊಬೈಲಿನ ಕಾರ್ಟೂನು. ಅದೇ ದರ್ಬೆಯಲ್ಲಿ ಪೂರ್ವಕ್ಕೆ ಹೋಗುವ ಬಸ್ಸು ಹತ್ತಿ ಕಡಬದ ಕಡೆಗೆ ಹೋದರೆ ಆನೆ ಕಥೆಯಾಗಿ ಉಳಿಯುವುದಿಲ್ಲ. 2023ರ ಫೆಬ್ರುವರಿಯಲ್ಲಿ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದ ಯುವತಿಯನ್ನೂ, ಆಕೆಯನ್ನು ಉಳಿಸಲು ಓಡಿಬಂದ ನೆರೆಯವರೊಬ್ಬರನ್ನೂ ಕಾಡಾನೆ ಕೊಂದಿತು. ಆ ಊರಿನ ಮಕ್ಕಳು ಮರುದಿನವೂ ಅದೇ ಕಾಲುದಾರಿಯಲ್ಲಿ ಶಾಲೆಗೆ ನಡೆಯಬೇಕಿತ್ತು.

ಮಕ್ಕಳಿಗೆ ಕಾಡುಪ್ರಾಣಿಗಳ ಬಗ್ಗೆ ಪ್ರೀತಿ, ಗೌರವ ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ಮಕ್ಕಳಿಗೆ ಎಂದು ಕೇಳುವವರು ಕಡಿಮೆ. ದರ್ಬೆಯ ಮಗುವಿಗೂ ರೆಂಜಿಲಾಡಿಯ ಮಗುವಿಗೂ ಒಂದೇ ಪಠ್ಯಪುಸ್ತಕ, ಒಂದೇ ಭಿತ್ತಿಚಿತ್ರ, ಜೂನ್ 5ರಂದು ಒಂದೇ ಭಾಷಣ. ನಷ್ಟವನ್ನೂ ಭಯವನ್ನೂ ಮುಚ್ಚಿಟ್ಟು ಕಲಿಸಿದ ಪ್ರೀತಿ ಅಡಿಕೆ ತೋಟದ ಮನೆಯಲ್ಲಿ ಒಂದು ಮಳೆಗಾಲವೂ ಬಾಳದು ಎಂಬುದು ನನ್ನ ತಕರಾರು. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಈ ಕಲಿಕೆ ಎಲ್ಲೆಲ್ಲಿ, ಹೇಗೆ ನಡೆದಿದೆ, ಎಲ್ಲಿ ಎಡವಿದೆ ಎಂದು ನೋಡುತ್ತ ಹೋದರೆ ಈ ತಕರಾರು ಇನ್ನಷ್ಟು ಗಟ್ಟಿಯಾಗುತ್ತದೆ.

ಶಾಲೆ ಬರುವ ಮೊದಲೇ ಇಲ್ಲಿ ಒಂದು ಪಾಠಕ್ರಮ ಇತ್ತು. ನಾಗಬನದ ಒಣಗಿದ ಕಡ್ಡಿಯನ್ನೂ ಮುರಿಯಬಾರದು ಎಂದು ಅಜ್ಜಿ ಹೇಳಿದ್ದನ್ನು ಮಗು ಪ್ರಶ್ನೆಯಿಲ್ಲದೆ ಪಾಲಿಸುತ್ತಿತ್ತು. ಊರೆಲ್ಲ ಬೋಳಾದಾಗಲೂ ಬನದಲ್ಲಿ ಬಳ್ಳಿ, ಬೀಳಲು, ದೊಡ್ಡ ಮರ, ತಂಪಾದ ನೆಲ ಉಳಿದದ್ದು ಈ ಹೆದರಿಕೆಯಿಂದ. ಸುಳ್ಯ ತಾಲ್ಲೂಕಿನ ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳಿಗೆ ಅಕ್ಕಿ ಹಾಕಿದ ಮಗು, ಅಷ್ಟು ದೊಡ್ಡ ಮೀನು ತನ್ನ ಕಾಲಬುಡಕ್ಕೇ ಬಂದದ್ದನ್ನು ಮರೆಯುವುದಿಲ್ಲ. ಮಕರ ತಿಂಗಳ ಕೊನೆಗೆ ಬರುವ ಕೆಡ್ಡಸದಲ್ಲಿ ಭೂಮಿ ಮುಟ್ಟಾಗಿದ್ದಾಳೆ ಎಂದು ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಭೂಮಿಗೂ ಮೈಯಿದೆ, ದಣಿವಿದೆ ಎಂದು ಮಗುವಿಗೆ ತಿಳಿಸಲು ಇದಕ್ಕಿಂತ ನೇರವಾದ ಉಪಾಯ ನನಗೆ ತೋಚುವುದಿಲ್ಲ.

ಆದರೆ ಈ ಪರಂಪರೆಯನ್ನು ಹೊಗಳಿ ಸುಮ್ಮನಾಗುವ ಲೇಖನಗಳು ಬೇಕಾದಷ್ಟಿವೆ, ನಾನು ಇನ್ನೊಂದನ್ನು ಬರೆಯಲಾರೆ. ಹಸಿರೆಲೆ ಕೀಳಬಾರದ ಆ ಕೆಡ್ಡಸದಲ್ಲೇ ಊರ ಗಂಡಸರು ಗುಂಪುಗೂಡಿ ಬೇಟೆಗೆ ಹೋಗುವ ಸಂಪ್ರದಾಯವೂ ಇತ್ತು. ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡುವ ಮನೆಯಲ್ಲೇ ಕನ್ನಡಿ ಹಾವಿಗೆ, ಕೊನೆಗೆ ಪಾಪದ ಕೇರೆಗೂ ದೊಣ್ಣೆ. ಹಂದಿಯ ರೂಪದ ದೈವ ಪಂಜುರ್ಲಿಗೆ ವರ್ಷಕ್ಕೊಮ್ಮೆ ಕೋಲ ಕೊಡುವ ಕುಟುಂಬ ಗೆಣಸಿನ ಗದ್ದೆಗೆ ಬಂದ ಹಂದಿಗೆ ಉರುಳು ಇಡುತ್ತದೆ. ದೇವರ ಗುಂಡಿಯ ಮೀನಿಗೆ ಕೈಮುಗಿದವರು ಸ್ವಲ್ಪ ಕೆಳಗೆ ಅದೇ ಹೊಳೆಗೆ ತೋಟೆ ಹಾಕುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ದೇವರ ಮೀನುಗಳಿಗೇ ವಿಷವಿಕ್ಕಿದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವಿದೆ. ಈಗ ನಾಗಬನಗಳದ್ದೇ ಕಥೆ ನೋಡಿ. ಮರ ಕಡಿದು ಕಾಂಕ್ರೀಟ್ ಕಟ್ಟೆ, ಟೈಲ್ಸ್, ಕಬ್ಬಿಣದ ಗೇಟು. ನಾಗನ ಕಲ್ಲಿಗೆ ಹೊಳಪು ಬಂದಿದೆ, ಹಾವಿಗೆ ಜಾಗ ಇಲ್ಲ. ಮಗು ಇವೆರಡನ್ನೂ ನೋಡುತ್ತದೆ, ಎರಡರಿಂದಲೂ ಕಲಿಯುತ್ತದೆ. ತಿಳಿವಳಿಕೆ ಸೇರದ ಭಕ್ತಿ ಬನದ ಬೇಲಿ ದಾಟುವುದಿಲ್ಲ.

ತಿಳಿವಳಿಕೆಯನ್ನು ಮಕ್ಕಳ ಕೈಗಿಡುವ ಮೊದಲ ದೊಡ್ಡ ಪ್ರಯತ್ನ ಕನ್ನಡದಲ್ಲಿ ನಡೆದದ್ದು ದರ್ಬೆಯಿಂದ ಕೂಗಳತೆಯಲ್ಲಿ ಎನ್ನಬಹುದಾದ ಪರ್ಲಡ್ಕದಲ್ಲಿ. ಕೋಟದಲ್ಲಿ ಹುಟ್ಟಿ, ಕಾಲೇಜು ಬಿಟ್ಟು, ಪುತ್ತೂರಿಗೆ ಬಂದು ನೆಲೆಸಿದ ಶಿವರಾಮ ಕಾರಂತರು ಇಲ್ಲಿ ‘ಬಾಲವನ’ ಕಟ್ಟಿದರು. ಮಕ್ಕಳಿಗೆ ಆಟ, ನೃತ್ಯ, ನಾಟಕ, ಚಿತ್ರ, ಸುತ್ತಲಿನ ಗುಡ್ಡೆ ಎಲ್ಲವೂ ಪಾಠ. ತಾವು ಕಂಡ ಶಾಲೆಗಳ ಬಗ್ಗೆ ಅವರಿಗೆ ಒಳ್ಳೆಯ ಮಾತಿರಲಿಲ್ಲ. 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಬಂದವು. ಇಂಗ್ಲಿಷಿನಲ್ಲಿ ಹತ್ತಾರು ಪಂಡಿತರು ಕೂತು ಮಾಡುವ ಮಕ್ಕಳ ವಿಶ್ವಕೋಶದ ಕೆಲಸವನ್ನು ಒಬ್ಬರೇ, ಸಣ್ಣ ಪೇಟೆಯೊಂದರಲ್ಲಿ ಕೂತು ಮಾಡಿದರು. ಮುಂದೆ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’, ಹಕ್ಕಿಗಳ ಬಗ್ಗೆ ‘ಹಿರಿಯ ಕಿರಿಯ ಹಕ್ಕಿಗಳು’. ಮಗುವಿಗೆ ಉಪದೇಶ ಬೇಡ, ವಿಷಯ ಬೇಕು ಎಂಬ ನಂಬಿಕೆ ಈ ಎಲ್ಲದರ ಹಿಂದಿದೆ. ಎಂಬತ್ತೈದು ದಾಟಿದ ಮೇಲೂ ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರ ಲೋಕಸಭಾ ಚುನಾವಣೆಗೆ ಇಳಿದವರು ಅವರು. ಹಿರಿಯರು ತಾವು ಹೇಳಿದಂತೆ ನಡೆಯುವುದನ್ನು ಮಕ್ಕಳು ನೋಡುವುದೂ ಒಂದು ಪಾಠವಾದರೆ, ಸೋತರೂ ಆ ಚುನಾವಣೆಗೆ ಬೆಲೆಯಿದೆ.

ಬಾಲವನದಲ್ಲಿ ಬೆಳೆದ ಮಗ ಉಲ್ಲಾಸ ಕಾರಂತ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ಹುಲಿಯ ಹಿಂದೆ ಹೋದರು. ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸುವ ವಿಧಾನವನ್ನು ಗಟ್ಟಿಗೊಳಿಸಿದರು. ಹೆಜ್ಜೆಗುರುತು ಎಣಿಸಿ ಸರ್ಕಾರ ಹೇಳುತ್ತಿದ್ದ ಲೆಕ್ಕ ನಂಬುವಂಥದ್ದಲ್ಲ ಎಂದು ಹೇಳಿ ಅನೇಕರ ಕೋಪಕ್ಕೂ ಗುರಿಯಾದರು. 1984ರಲ್ಲಿ ಅವರು ಆರಂಭಿಸಿದ ವನ್ಯಜೀವಿ ಅಧ್ಯಯನ ಕೇಂದ್ರದಿಂದಲೇ 2018ರಲ್ಲಿ ಮಗಳು ಕೃತಿ ಕಾರಂತ ‘ವೈಲ್ಡ್ ಶಾಲೆ’ ಎಂಬ ಕಾರ್ಯಕ್ರಮ ಶುರುಮಾಡಿದರು. ರಕ್ಷಿತಾರಣ್ಯಗಳ ಅಂಚಿನ ಹಳ್ಳಿಶಾಲೆಗಳ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಆಟ, ಚಿತ್ರ, ಕಥೆಗಳ ಮೂಲಕ ಪಾಠ. ಇದರಲ್ಲಿ ನನಗೆ ಮುಖ್ಯವೆನಿಸುವುದು ಇದರ ಜೊತೆಗಾರ ಯೋಜನೆ. 2015ರಲ್ಲೇ ಬಂಡೀಪುರ, ನಾಗರಹೊಳೆಯ ಸುತ್ತ ಅದೇ ಸಂಸ್ಥೆ ‘ವೈಲ್ಡ್ ಸೇವೆ’ ಎಂಬ ಉಚಿತ ಫೋನ್ ಸೇವೆ ಆರಂಭಿಸಿತ್ತು. ಆನೆ ಬೆಳೆ ತಿಂದರೆ, ಹುಲಿ ದನ ಹಿಡಿದರೆ ರೈತ ಫೋನ್ ಮಾಡಬೇಕು, ಅವರು ಬಂದು ಪರಿಹಾರದ ಅರ್ಜಿ ಬರೆಸುತ್ತಾರೆ. ಅಪ್ಪನ ಅರ್ಜಿಗೆ ನೆರವಾದವರೇ ಮಗಳಿಗೆ ಆನೆಯ ಪಾಠ ಹೇಳಿದರೆ ಆ ಮಾತಿಗೆ ತೂಕವಿರುತ್ತದೆ. ಬರೀ ಪಾಠಕ್ಕೆ ಬಂದವರಿಗೆ ಅದು ದಕ್ಕದು. 2019ರಲ್ಲಿ ಕೃತಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದದ್ದೂ ಈ ಜೋಡಿ ಕೆಲಸಕ್ಕೆ.

ಅಜ್ಜ, ಮಗ, ಮೊಮ್ಮಗಳು ಎಂದು ಮೂರು ತಲೆಮಾರನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಬದಲಾವಣೆ ಕಾಣುತ್ತದೆ. ಅಜ್ಜನಿಗೆ ಮಗುವಿನ ಕುತೂಹಲ ಮುಖ್ಯ. ಮಗನಿಗೆ ನಿಖರವಾದ ಲೆಕ್ಕ. ಮೊಮ್ಮಗಳ ಕಾಲಕ್ಕೆ ಪ್ರಾಣಿ ಮತ್ತು ಮನುಷ್ಯರ ಜಗಳವೇ ಪಾಠದ ಒಳಗೆ ಬಂದಿದೆ. ಪರಿಸರ ಪಾಠ ಎಂಟು ದಶಕಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದಕ್ಕೆ ಇದಕ್ಕಿಂತ ಸಣ್ಣ ನಕ್ಷೆ ಸಿಗಲಿಕ್ಕಿಲ್ಲ, ಅದೂ ಪುತ್ತೂರಿನ ಒಂದೇ ಮನೆಯಿಂದ.

ಸರ್ಕಾರಿ ದಾರಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. ಪರಿಸರ ಅಧ್ಯಯನದ ಪುಸ್ತಕ ಬಂತು, ಶಾಲೆಗಳಲ್ಲಿ ಇಕೋ ಕ್ಲಬ್ ಬಂತು. ಕ್ಲಬ್ಬಿನ ಕೆಲಸ ಬಹುತೇಕ ಗಿಡ ನೆಟ್ಟು ಫೋಟೋ ತೆಗೆಯುವುದರಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಇದಕ್ಕಿಂತ ಮೇಲು. ಸರ್ಕಾರಿ ಶಾಲೆಯ ಮಕ್ಕಳನ್ನು ನಿಜವಾದ ಕಾಡಿಗೆ ಕರೆದೊಯ್ಯುತ್ತಾರೆ, ಕಾಡು ಕಾಯುವ ಗಾರ್ಡ್ ಜೊತೆ ಮಾತಾಡಲು ಅವಕಾಶವಿದೆ. ಆನೆಯ ಲದ್ದಿಯನ್ನು ಕೋಲಿನಿಂದ ಕೆದಕಿ ಬೀಜ ತೋರಿಸುವ ಗಾರ್ಡ್ ಸಿಕ್ಕಿದರೆ ಮಕ್ಕಳ ಅದೃಷ್ಟ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರ ‘ಅರ್ಲಿ ಬರ್ಡ್’ ಹಕ್ಕಿ ಕೈಪಿಡಿಗಳು ಕನ್ನಡದಲ್ಲೂ ಬಂದಿವೆ. ಅವು ಶಾಲೆಯ ಕಪಾಟಿನೊಳಗೆ ಬೀಗದಲ್ಲಿರದಿದ್ದರೆ ಬಹಳ ಉಪಯೋಗ.

ನಮ್ಮ ಸೀಮೆಯ ಶಾಲಾ ಪ್ರವಾಸ ಎಂದರೆ ಮಂಗಳೂರಿನ ಪಿಲಿಕುಳ. ಅಲ್ಲಿ ಕಾಳಿಂಗ ಸರ್ಪದ ಸಂತಾನಾಭಿವೃದ್ಧಿಯ ಕೆಲಸ ನಡೆದಿದೆ ಎಂಬುದು ಬಹಳ ಮಕ್ಕಳಿಗೆ ಗೊತ್ತಾಗದೆ ಪ್ರವಾಸ ಮುಗಿಯುತ್ತದೆ. ಬೋನಿನ ಎದುರು ಕೂಗುವುದು, ಮಲಗಿದ ಹುಲಿಯನ್ನು ಎಬ್ಬಿಸಲು ನೋಡುವುದು, ಐಸ್‌ಕ್ರೀಂ. ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಕಟ್ಟಿದ ಚಿಟ್ಟೆ ಉದ್ಯಾನ ಇನ್ನೊಂದು ಬಗೆ. ಅಲ್ಲಿ ಬಲೆಯಿಲ್ಲ, ಪಂಜರವಿಲ್ಲ. ಚಿಟ್ಟೆ ಮೊಟ್ಟೆಯಿಡುವ ಗಿಡಗಳನ್ನು ಬೆಳೆಸಿದರು, ಚಿಟ್ಟೆಗಳು ತಾವೇ ಬಂದವು. ಪ್ರಾಣಿಯನ್ನು ನಾವಿದ್ದಲ್ಲಿಗೆ ತಂದು ತೋರಿಸುವುದಕ್ಕೂ, ಅದು ಬರುವಂಥ ಜಾಗ ಮಾಡಿ ಕಾಯುವುದಕ್ಕೂ ಇರುವ ಅಂತರ ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ.

ಹೊರದೇಶದ ಎರಡು ಮಾತು ಇಲ್ಲಿ ಪ್ರಯೋಜನಕ್ಕೆ ಬರುತ್ತವೆ. 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಂಬ್ರಿಜ್‌ನ ಆಂಡ್ರ್ಯೂ ಬಾಮ್‌ಫೋರ್ಡ್ ಮತ್ತು ಜೊತೆಗಾರರು ಬ್ರಿಟನ್ನಿನ ಶಾಲಾಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಮಾಡಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಎಂಟು ವರ್ಷದ ಮಕ್ಕಳು ಪೋಕೆಮಾನ್ ಪಾತ್ರಗಳಲ್ಲಿ ಶೇ 80ರಷ್ಟನ್ನು ಗುರುತಿಸಿದರು. ತಮ್ಮದೇ ನಾಡಿನ ಸಾಮಾನ್ಯ ಜೀವಿಗಳಲ್ಲಿ ಅರ್ಧದಷ್ಟನ್ನೂ ಗುರುತಿಸಲಿಲ್ಲ. ಮಕ್ಕಳ ನೆನಪಿನ ಶಕ್ತಿಗೆ ಕೊರತೆಯಿಲ್ಲ, ತುಂಬುವವರು ಬೇರೆಯವರಾಗಿದ್ದಾರೆ. ಇನ್ನೊಂದು ಮಾತು ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ ಅವರದು. ನಾಲ್ಕನೇ ತರಗತಿಗೆ ಮೊದಲು ಮಕ್ಕಳಿಗೆ ದುರಂತದ ಪಾಠ ಬೇಡ ಎನ್ನುತ್ತಾರೆ. ಅಮೆಜಾನ್ ಉರಿಯುತ್ತಿದೆ, ಹಿಮ ಕರಗುತ್ತಿದೆ ಎಂದು ಆರು ವರ್ಷದ ಮಗುವಿಗೆ ಹೇಳಿದರೆ ಅದು ಹೆದರಿ ನಿಸರ್ಗದಿಂದ ದೂರ ಸರಿಯುತ್ತದೆ, ಮೊದಲು ಅದರ ನಂಟು ಬೆಳೆಯಲಿ ಎಂಬುದು ಅವರ ವಾದ. ಒಪ್ಪತಕ್ಕ ಮಾತೇ. ಆದರೆ ಸೋಬೆಲ್ ಅವರ ಮಗುವಿನ ಮನೆ ಹಿಂದೆ ಆನೆ ಇರಲಿಲ್ಲ. ದುರಂತ ಪಾಠದ ಪುಸ್ತಕದಿಂದಲೇ ಬರಬೇಕೆಂದೇನೂ ಇಲ್ಲ, ಕೆಲವು ಊರುಗಳಲ್ಲಿ ಅದು ಅಂಗಳಕ್ಕೇ ಬರುತ್ತದೆ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಹುಲಿಯಿಂದಲ್ಲ, ಆನೆಯಿಂದಲೂ ಅಲ್ಲ. ತೋಟದಿಂದ. ಪುತ್ತೂರು ಸೀಮೆಯ ಅಡಿಕೆ ಮರದ ಕಾಂಡದ ಮೇಲೆ ಹಾರುವ ಓತಿ ಇದೆ. ಪಶ್ಚಿಮ ಘಟ್ಟದ ಈ ಜೀವಿ ಅಡಿಕೆ ತೋಟವನ್ನು ಕಾಡಿನಷ್ಟೇ ಸಲೀಸಾಗಿ ಒಪ್ಪಿಕೊಂಡಿದೆ. ಬೂದು ಬಣ್ಣದಲ್ಲಿ ಕಾಂಡಕ್ಕೆ ಅಂಟಿಕೊಂಡಾಗ ಕಣ್ಣಿಗೆ ಬೀಳುವುದೇ ಇಲ್ಲ. ಗಂಡು ಓತಿ ಗಂಟಲಡಿಯ ಹಳದಿ ಚೀಲವನ್ನು ಪಟಪಟನೆ ಬಿಡಿಸಿ ಮುಚ್ಚಿದಾಗ ಗುಟ್ಟು ರಟ್ಟು. ಪಕ್ಕೆಲುಬುಗಳನ್ನು ಹರಡಿ ಚರ್ಮದ ರೆಕ್ಕೆ ಬಿಚ್ಚಿ ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ತಿನ್ನುವುದು ಹೆಚ್ಚಾಗಿ ಇರುವೆ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು ಮಾತ್ರ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಕನ್ನಡದಲ್ಲಿ ಓದುವ ಯಾರಿಗೂ ಹಾರುವ ಓತಿ ಅಪರಿಚಿತವಲ್ಲ, ಆದರೆ ಆ ಕಾದಂಬರಿ ಓದಿ ಮೆಚ್ಚಿದ ಎಷ್ಟೋ ತೋಟದ ಮಾಲೀಕರು ತಮ್ಮ ತೋಟದ ಓತಿಯನ್ನು ಕತ್ತೆತ್ತಿ ನೋಡಿಲ್ಲ. ಇದು ಯಾರ ಬೆಳೆಯನ್ನೂ ತಿನ್ನುವುದಿಲ್ಲ, ಯಾರನ್ನೂ ಕಚ್ಚುವುದಿಲ್ಲ. ಕುತೂಹಲವೊಂದೇ ಸಾಕಾಗುವ ಮೊದಲ ಪಾಠ.

ಎರಡನೇ ಪಾಠಕ್ಕೆ ಸ್ವಲ್ಪ ನಷ್ಟ ಬೆರೆಯಲಿ. ಬಾವಲಿ ಹಣ್ಣಡಿಕೆಯ ಸಿಪ್ಪೆಯ ಸಿಹಿ ಚೀಪಿ ಕಾಯಿಯನ್ನು ಎಲ್ಲೋ ಬೀಳಿಸುತ್ತದೆ. ಹೆಕ್ಕುವವರಿಗೆ ಅದು ಅಡಿಕೆಯೇ, ಹೆಕ್ಕದಿದ್ದರೆ ಗುಡ್ಡೆಯಲ್ಲೊಂದು ಸಸಿ. ಕೊಕ್ಕೋ ಕೋಡಿಗೆ ಅಳಿಲು ತೂತು ಕೊರೆಯುತ್ತದೆ. ಪುತ್ತೂರಿನಲ್ಲೇ 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ನಡೆಯುತ್ತಿರುವಾಗ, ತಾನು ತಿನ್ನುವ ಚಾಕೊಲೇಟಿಗೂ ಅಳಿಲಿನ ಹಲ್ಲಿಗೂ ಸಂಬಂಧವಿದೆ ಎಂದು ತಿಳಿದ ಮಗುವಿಗೆ ಅಳಿಲು ಇನ್ನು ಬರೇ ಮುದ್ದಿನ ಚಿತ್ರವಲ್ಲ, ಪಾಲುದಾರ. ಮಂಗಟ್ಟೆ ಹಕ್ಕಿ ಹೆಬ್ಬಲಸಿನ ಬೀಜ ಹೊತ್ತೊಯ್ಯುವುದು, ಬೆಳಗಿನ ತೋಡಿನಲ್ಲಿ ಸಿಳ್ಳೆ ಹಾಕುವ ಸಿಳ್ಳಾರ (ಬ್ರಿಟಿಷರು ಇದಕ್ಕೆ ಸಿಳ್ಳೆಯ ಶಾಲಾಹುಡುಗ ಎಂದು ಹೆಸರಿಟ್ಟಿದ್ದರು, ರಾಗ ಅರ್ಧಕ್ಕೇ ಮರೆತವನಂತೆ ಹಾಡುತ್ತದೆ) ಇವೆಲ್ಲ ಶುಲ್ಕವಿಲ್ಲದ ಪಾಠಗಳು. ಕಲಿಸುವವರು ಹೆಸರು ತಿಳಿದಿರಬೇಕು, ಅಷ್ಟೇ.

ಹಾವಿನ ವಿಷಯಕ್ಕೆ ಬಂದಾಗ ಕುತೂಹಲ ಸಾಲದು, ಹೆದರಿಕೆಯೂ ಬೇಕು. ಈಗಿನ ಮಕ್ಕಳು ಹಾವನ್ನು ಮೊದಲು ನೋಡುವುದು ರೀಲ್ಸ್‌ನಲ್ಲಿ. ಬರಿಗೈಯಲ್ಲಿ ಬಾಲ ಹಿಡಿದೆತ್ತಿ, ಹೆಡೆಗೆ ಮುತ್ತಿಕ್ಕುವ ವೀರರು ಅಲ್ಲಿದ್ದಾರೆ. ಕೊಲ್ಲುವವನಿಗಿಂತ ಇವನು ಮೇಲು ಎಂದು ನಾವು ಮೆಚ್ಚುತ್ತೇವೆ. ಇದರಲ್ಲಿ ಹಾವಿಗೆ ಗೌರವ ಎಲ್ಲಿದೆ? ಹಾವು ಬಯಸುವುದು ಅಂತರವನ್ನು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಗರ, ಕಟ್ಟಹಾವು, ಕನ್ನಡಿ ಹಾವುಗಳ ಗುರುತು, ರಾತ್ರಿ ಟಾರ್ಚ್ ಹಿಡಿದು ನಡೆಯುವುದು, ಕಡಿದರೆ ಮಂತ್ರ, ಕಟ್ಟು, ಗಾಯ ಕೊಯ್ಯುವುದು ಬಿಟ್ಟು ನೇರ ಆಸ್ಪತ್ರೆಗೆ ಹೋಗುವುದು ಇವು ಪರಿಸರ ಪಾಠವೇ. ಜೀವ ಉಳಿಸಿಕೊಳ್ಳಲು ಗೊತ್ತಿರುವ ಮಗುವಿಗೆ ಕೊಲ್ಲುವ ತುರ್ತು ಕಡಿಮೆ. ಇನ್ನು ಕಪ್ಪೆ. ಕಾಲಿನ ಮಾಂಸ ವಿದೇಶಕ್ಕೆ ಕಳಿಸಲೆಂದು ಗದ್ದೆಗಳಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದು ಕಪ್ಪೆ ಹಿಡಿಯುತ್ತಿದ್ದ ಕಾಲವೊಂದಿತ್ತು, ಆ ರಫ್ತು 1987ರಲ್ಲಿ ನಿಂತಿತು. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದು ಯುಜಿಸಿ 2014ರಲ್ಲಿ ಬೇಡವೆಂದ ಮೇಲೆ ನಿಂತಿತು. ಎರಡೂ ಕಾನೂನಿನಿಂದ ಆದದ್ದು. ಎಲ್ಲವನ್ನೂ ಮಕ್ಕಳ ಒಳ್ಳೆಯತನಕ್ಕೆ ಬಿಟ್ಟು ಹಿರಿಯರು ಕೈತೊಳೆದುಕೊಳ್ಳುವಂತಿಲ್ಲ ಎಂಬುದಕ್ಕೆ ಈ ಎರಡೂ ಸಾಕ್ಷಿ.

ಅತ್ಯಂತ ಕಷ್ಟದ ಪಾಠ ಮಂಗ, ಹಂದಿ, ಕಾಟಿ, ಆನೆಯದ್ದು. ತೆಂಗಿನಕಾಯಿ ಬೊಂಡವಾಗುವ ಮೊದಲೇ ಮಂಗ ಕಿತ್ತು ಎಸೆಯುತ್ತದೆ. ನಾಯಿ, ಗರ್ನಾಲು, ಬೆಳೆ ರಕ್ಷಣೆಯ ಕೋವಿ ಎಲ್ಲ ಆಯಿತು. ಚುನಾವಣೆ ಬಂದರೆ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕೆಂದು ರೈತರು ಪ್ರತಿ ಸಲ ಗೊಣಗುತ್ತಾರೆ. ತೀರ್ಥಹಳ್ಳಿ ಕಡೆ ರೈತನೊಬ್ಬ ಮಂಗನನ್ನು ಹೆದರಿಸಲು ನಾಯಿಗೆ ಹುಲಿಪಟ್ಟೆ ಬಳಿದದ್ದು 2019ರಲ್ಲಿ ದೇಶಕ್ಕೆಲ್ಲ ನಗೆಯ ಸುದ್ದಿಯಾಯಿತು, ಅವನಿಗೆ ನಗು ಬಂದಿರಲಿಕ್ಕಿಲ್ಲ. ಈ ಮನೆಯ ಮಗುವಿಗೆ ತರಗತಿಯಲ್ಲಿ ‘ಮಂಗ ನಮ್ಮ ಗೆಳೆಯ’ ಎಂದು ಹೇಳಿಕೊಟ್ಟರೆ ಅದು ಪರೀಕ್ಷೆಯಲ್ಲಿ ಹಾಗೆಯೇ ಬರೆದು ಮನೆಗೆ ಬಂದು ಕಲ್ಲು ಹೊಡೆಯುತ್ತದೆ. ಮಂಗ ಏಕೆ ಬಂತು ಎಂದು ಕೇಳಿದರೆ ಪಾಠ ಬೇರೆಯಾಗುತ್ತದೆ. ಸುಳ್ಯ, ಪುತ್ತೂರಿನ ಗುಡ್ಡೆಗಳಲ್ಲಿ ಕಾಟುಮಾವು, ಹೆಬ್ಬಲಸು, ಪುನರ್ಪುಳಿ ಇದ್ದಲ್ಲಿ ರಬ್ಬರ್, ಗೇರು, ಅಕೇಶಿಯಾ ಬಂದವು. ಶ್ರೀಲಂಕಾದಿಂದ ಬಂದ ತಮಿಳು ನಿರಾಶ್ರಿತರಿಗೆ ಬದುಕು ಕೊಟ್ಟದ್ದೂ ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳೇ, ಆದ್ದರಿಂದ ಅದನ್ನು ಸುಮ್ಮನೆ ತಪ್ಪೆನ್ನಲೂ ಆಗುವುದಿಲ್ಲ. ಆದರೆ ರಬ್ಬರ್ ಮರದಲ್ಲಿ ಮಂಗನಿಗೆ ತಿನ್ನಲು ಏನಿದೆ? ಹತ್ತು ವರ್ಷದ ಮಗುವಿಗೆ ಈ ಲೆಕ್ಕ ಅರ್ಥವಾಗುತ್ತದೆ. ಅಜ್ಜನನ್ನು ಕೇಳಿ ಗುಡ್ಡೆಯ ಹಳೆಯ ಮರಗಳ ಪಟ್ಟಿ ಮಾಡಿಸಿದರೆ ಸಾಕು.

ಗೇರಿನ ಮಾತು ಬಂದಾಗ ಎಂಡೋಸಲ್ಫಾನ್ ಬಿಟ್ಟು ಮುಂದೆ ಹೋಗಲಾಗದು. ಗಡಿಯಾಚೆ ಕಾಸರಗೋಡಿನ ಕನ್ನಡ ಊರು ಪಡ್ರೆಯಲ್ಲಿ, ಈಚೆ ಕೊಕ್ಕಡದ ಸುತ್ತ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕದ ವಿಷ ಸುರಿಯಿತು. ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆ ತಮ್ಮೂರಿನಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುವುದನ್ನು 1979ರ ಸುಮಾರಿಗೇ ಗಮನಿಸಿ ಬರೆದರು. ಜೇನು, ಮೀನು, ಕಪ್ಪೆ, ಕರು ಹೇಳಿದ್ದನ್ನು ನಾವು ಕೇಳಿಸಿಕೊಳ್ಳಲಿಲ್ಲ, ಆಮೇಲೆ ಮಕ್ಕಳ ಸರದಿ ಬಂತು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವಾಗ 2011. ಪ್ರಾಣಿಗಳನ್ನು ಗಮನಿಸುವುದು ದಯೆಯ ಕೆಲಸ ಎಂಬಂತೆ ಕಲಿಸುತ್ತೇವೆ. ಇಲ್ಲಿ ಅದು ನಮ್ಮದೇ ಮಕ್ಕಳ ಆರೋಗ್ಯದ ಪ್ರಶ್ನೆಯಾಗಿತ್ತು. ಐದು, ಆರನೇ ತರಗತಿಯ ಮಕ್ಕಳಿಗೆ ಈ ಕಥೆಯನ್ನು ಹೆದರಿಸದೆ, ಆದರೆ ಮರೆಮಾಚದೆ ಹೇಳಬಹುದು.

ಇದನ್ನೆಲ್ಲ ಯಾರು ಕಲಿಸಬೇಕು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಟೀಚರಿಗೆ ಹಾರುವ ಓತಿ ಗೊತ್ತಿರಬೇಕಿಲ್ಲ, ಗೊತ್ತಿಲ್ಲದ್ದು ಅವರ ತಪ್ಪೂ ಅಲ್ಲ. ತಿಳಿದವರು ಶಾಲೆಯ ಹೊರಗಿದ್ದಾರೆ: ಅಡಿಕೆ ಕೊಯ್ಯಲು ಮರ ಹತ್ತುವವರು, ಸೊಪ್ಪಿಗೆ ಗುಡ್ಡೆಗೆ ಹೋಗುವ ಹೆಂಗಸರು, ತೋಡಿನಲ್ಲಿ ಮೀನು ಹಿಡಿಯುವವರು, ಬಿದಿರಿನ ಬುಟ್ಟಿ ಹೆಣೆಯುವ ಕೊರಗರು, ಕಾಡುತ್ಪತ್ತಿ ತರುವ ಮಲೆಕುಡಿಯರು. ಇವರನ್ನು ತಿಂಗಳಿಗೊಮ್ಮೆ ತರಗತಿಗೆ ಕರೆದು, ಸಂಬಳದ ಸಂಪನ್ಮೂಲ ವ್ಯಕ್ತಿಗೆ ಕೊಡುವಷ್ಟೇ ಗೌರವಧನ ಕೊಟ್ಟು ಮಾತಾಡಿಸಲು ಯಾವ ಹೊಸ ಕಾನೂನೂ ಬೇಡ, ಶಾಲಾಭಿವೃದ್ಧಿ ಸಮಿತಿಯ ಒಂದು ಠರಾವು ಸಾಕು. ಕಡಬದ ಕಡೆಯ ಶಾಲೆಗಳಲ್ಲಿ ಇದಕ್ಕೆ ಇನ್ನೆರಡು ಸೇರಿಸಬೇಕು. ಆನೆ ಬಂದ ಸುದ್ದಿ ಸಿಕ್ಕ ದಿನ ಯಾವ ದಾರಿಯಲ್ಲಿ ಹೋಗಬೇಕು, ಎದುರಾದರೆ ಎಷ್ಟು ದೂರ ಇರಬೇ‌ಕು, ಯಾರಿಗೆ ಫೋನ್ ಮಾಡಬೇಕು ಎಂಬ ತಾಲೀಮು. ಬೆಳೆ ಹಾಳಾದಾಗ ಪರಿಹಾರದ ಅರ್ಜಿ ತುಂಬುವ ಅಭ್ಯಾಸ. ಏಳನೇ ತರಗತಿಯ ಕನ್ನಡ ಪುಸ್ತಕದಲ್ಲಿ ಪತ್ರಲೇಖನ ಹೇಗೂ ಇದೆ. ಗೆಳೆಯನಿಗೆ ರಜೆಯ ವಿವರ ಬರೆಯುವ ಬದಲು ವಲಯ ಅರಣ್ಯಾಧಿಕಾರಿಗೆ ಬರೆಯಲಿ.